ಆಷಾಢದಲ್ಲೇ ಬಂದ ಲಕ್ಷ್ಮಿ

ಮದುವೆಯಾಗಿ ಎರಡು ತಿಂಗಳು ತುಂಬುವ ಮೊದಲೇ ಆಷಾಢ ಬಂತು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅನ್ನುವುದು ನಮ್ಮ ಕಡೆಯ ಶಾಸ್ತ್ರ. ಹಾಗಾಗಿ ಎರಡು ಬ್ಯಾಗು ತುಂಬಿಕೊಂಡು ತುಮಕೂರಿನ ಶೆಟ್ಟಿಹಳ್ಳಿಯಿಂದ ಕುಣಿಗಲ್ಲಿನ ತವರಿಗೆ ಹೊರಟೆ. ತೊಂದರೆ ಏನೆಂದರೆ ನನ್ನ ಕೆಲಸ ಇದ್ದದ್ದು ತುಮಕೂರಿನಲ್ಲಿ. ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ಗಂಡನ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಆ ಒಂದು ತಿಂಗಳು ಮಾತ್ರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಕುಣಿಗಲ್ ಬಿಟ್ಟು, ಸಂಜೆ ಅದೇ ದಾರಿಯಲ್ಲಿ ನಿಂತುಕೊಂಡು ವಾಪಸ್ಸು ಬರಬೇಕಾಗಿತ್ತು. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನಮ್ಮನೆಯವರು ದಿನಾ ಫೋನು ಮಾಡಿ ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದು ಕೇಳುತ್ತಿದ್ದರು. ನಾವಿಬ್ಬರೂ ಶಾಸ್ತ್ರದ ವಿಷಯದಲ್ಲಿ ಅಂಥ ಕಟ್ಟುನಿಟ್ಟಿನವರಲ್ಲ. ಆದರೆ ಅತ್ತೆ ಹೇಳಿದ್ದರು, ನಮ್ಮಮ್ಮನೂ ಹೇಳಿದ್ದರು. ಅದರ ಮೇಲೆ ಮಾತಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ನಿಜ ಹೇಳಬೇಕೆಂದರೆ ತವರಿಗೆ ಹೊರಟಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಅತ್ತೆ ಕೆಟ್ಟವರಲ್ಲ. ಒಂದು ದಿನವೂ ಬೈದವರಲ್ಲ, ಕೊಂಕು ಆಡಿದವರಲ್ಲ. ಆದರೆ ಮಾತೇ ಕಡಿಮೆ. ನಾಲ್ಕು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಹೀಗಾಗಿದ್ದಾರೆ ಎಂದು ನಮ್ಮನೆಯವರು ಹೇಳಿದ್ದರು. ನನಗೆ ಕಷ್ಟವಾಗುತ್ತಿದ್ದದ್ದು ಇನ್ನೊಂದು. ನಾನು ಮಡಿಸಿಟ್ಟ ಬಟ್ಟೆಯನ್ನು ಅವರು ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಸೀರೆ, ಟವೆಲು, ಹೊದಿಕೆ ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಮಾತೂ ಆಡದೆ, ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಒತ್ತಿ ಒತ್ತಿ ಇಡುತ್ತಿದ್ದರು. ನಾನು ಮಾಡಿದ್ದು ಯಾವುದೂ ಇವರಿಗೆ ಹಿಡಿಸುವುದಿಲ್ಲ ಎಂದು ಅರ್ಥ ಮಾಡಿಕೊಂಡು ಸುಮ್ಮನಾಗಿದ್ದೆ.

ಆಷಾಢ ಶುರುವಾಗಿ ಒಂದು ವಾರವಾಗಿತ್ತೇನೋ. ಶನಿವಾರ ಲ್ಯಾಬಿಗೆ ಅರ್ಧ ದಿನ. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋಗುತ್ತಿದ್ದಾಗ ದಾರಿಯಲ್ಲಿದ್ದ ದೊಡ್ಡ ಫ್ಯಾನ್ಸಿ ಸ್ಟೋರಿನ ಗಾಜಿನೊಳಗೆ ಸಾಲಾಗಿ ಲಕ್ಷ್ಮಿಯರು ನಿಂತಿದ್ದದ್ದು ಕಂಡಿತು. ಬೆಳ್ಳಿ ಬಣ್ಣದ ಮುಖವಾಡಗಳು, ಮುತ್ತಿನ ಜಡೆಗಳು, ಕೈ ಕಾಲಿನ ಜೊತೆಗಳು, ಪ್ಲಾಸ್ಟಿಕ್ಕಿನ ಬಾಳೆಕಂದು, ಹೊಲಿದೇ ತಯಾರಾದ ಪುಟ್ಟ ಪುಟ್ಟ ಸೀರೆಗಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಒಂದು ತಿಂಗಳ ಮೇಲಿತ್ತು. ಆಷಾಢ ಕಳೆಯಬೇಕು, ಭೀಮನ ಅಮಾವಾಸ್ಯೆ ಆಗಬೇಕು, ಶ್ರಾವಣ ಹುಟ್ಟಬೇಕು. ನಾನು ಚಿಕ್ಕವಳಿದ್ದಾಗ ಅಮ್ಮ ಹಬ್ಬದ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು ಕುಣಿಗಲ್ ಪೇಟೆಗೆ ಹೋಗಿ ಬುಟ್ಟಿ ತುಂಬ ಹೂವು, ಬಾಳೆಕಂದು, ಅರಿಶಿನದ ದಾರ ತರುತ್ತಿದ್ದರು. ಹಬ್ಬದ ಸಾಮಾನು ಹಬ್ಬದ ಮುಂಚಿನ ಎರಡು ದಿನಕ್ಕೆ ಬರುವಂಥದ್ದು ಎಂದೇ ನನ್ನ ತಲೆಯಲ್ಲಿತ್ತು. ಒಳ್ಳೆಯ ಕೆಲಸವನ್ನೇ ಯಾರೂ ಶುರು ಮಾಡದ ಆಷಾಢದಲ್ಲಿ ಇದೇನು ಎಂದುಕೊಂಡು, ನೋಡೋಣ ಎಂದು ಒಳಗೆ ಹೋದೆ.

ಒಳಗೆ ಮೂಲೆಯಲ್ಲಿ ಒಬ್ಬರು ನೆಲದ ಮೇಲೆ ಮಂಡಿಯೂರಿ ಕೂತು ದೇವಿಗೆ ಸೀರೆ ಉಡಿಸುತ್ತಿದ್ದರು. ಬೆನ್ನು ಈ ಕಡೆಗಿತ್ತು. ಹಲ್ಲಿನಲ್ಲಿ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡು, ಎಡಗೈಯಲ್ಲಿ ನೆರಿಗೆಯ ಕಂತೆ ಹಿಡಿದು, ಬಲಗೈಯಲ್ಲಿ ಒಂದೊಂದಾಗಿ ಬಿಡಿಸುತ್ತಿದ್ದರು. ಬಿಡಿಸಿದ ನೆರಿಗೆ ಬೀಸಣಿಗೆಯ ಹಾಗೆ ಪೀಠದ ಸುತ್ತ ಹರಡಿಕೊಳ್ಳುತ್ತಿತ್ತು. ಒಂದು ನೆರಿಗೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಅಗಲವಿರಲಿಲ್ಲ. ನಾನು ನೋಡುತ್ತಾ ನಿಂತುಬಿಟ್ಟೆ. ಅವರು ಸೆರಗು ಎಳೆದು ಭುಜದ ಮೇಲೆ ಕೂರಿಸಿ, ದೇವಿಯ ಗಲ್ಲ ಹಿಡಿದು ಮುಖವನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ, ಸರಿಯಾಯಿತೋ ಎಂದು ನೋಡಲು ಹಿಂದಕ್ಕೆ ಸರಿದರು. ಆಗ ಮುಖ ಕಂಡಿತು. ನಮ್ಮತ್ತೆ.

ಹಾಗೇ ಹಿಂದೆ ಹೋಗಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಅವರೂ ನನ್ನನ್ನು ನೋಡಿದರು. ಬಾಯಿಂದ ಪಿನ್ನುಗಳನ್ನು ನಿಧಾನವಾಗಿ ತೆಗೆದು ಡಬ್ಬಿಗೆ ಹಾಕಿದರು. ಆಮೇಲೆ ಅವರೇ ಕೇಳಿದರು.

"ಯಾವ ಬಾಗ್ಲಲ್ಲಿ ಬಂದೆ?"

"ಮುಂದ್ಗಡೆ ಬಾಗ್ಲಲ್ಲೇ ಅತ್ತೆ."

ಅತ್ತೆ ಸ್ವಲ್ಪ ಯೋಚಿಸಿದರು. "ನಾನು ಹಿಂದ್ಗಡೆ ಬಾಗ್ಲಲ್ಲಿ ಬಂದೆ. ಹಂಗಾದ್ರೆ ದೋಷ ಇಲ್ಲ ಬುಡು. ಬಾ, ಕೂತ್ಕ."

ಪಕ್ಕದಲ್ಲಿದ್ದ ಸ್ಟೂಲನ್ನು ನನ್ನ ಕಡೆ ಸರಿಸಿದರು. ನಾನು ಕೂತೆ. ಗಲ್ಲಾದ ಹಿಂದಿದ್ದ ಅಂಗಡಿಯ ಒಡತಿ ನಮ್ಮಿಬ್ಬರನ್ನೂ ಒಂದು ಸಲ ನೋಡಿ ಮತ್ತೆ ಬಿಲ್ಲು ಬರೆಯತೊಡಗಿದರು. ನಲವತ್ತು ದಾಟಿದ, ನಗುಮುಖದ ಹೆಂಗಸು. ಅಂಗಡಿಗೆ ಬರುವವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಅತ್ತೆ ಅಲ್ಲಿಗೆ ಹೇಗೆ ಬಂದರು ಎಂಬುದನ್ನು ಆ ಅಕ್ಕನೇ ಹೇಳಿದರು. ನಾಲ್ಕು ದಿನದ ಹಿಂದೆ ಟೀ ಸೋಸುವ ಜಾಲರಿ ಕೊಳ್ಳಲು ಬಂದಿದ್ದರಂತೆ. ಗಾಜಿನ ಹತ್ತಿರ ಲಕ್ಷ್ಮಿಗೆ ಸೀರೆಯನ್ನು ತಿರುವುಮುರುವಾಗಿ ಸುತ್ತಿ, ಸೆರಗನ್ನು ಬಲಗಡೆಗೆ ಹಾಕಿದ್ದನ್ನು ನೋಡಿ, ಜಾಲರಿ ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದರಂತೆ. ಕೊನೆಗೆ, ಇದನ್ನ ಬಿಚ್ಚಿ ಉಡಿಸ್ಲಾ ಎಂದು ಕೇಳಿದರಂತೆ. ಮಾರನೆಯ ದಿನ ಮತ್ತೆ ಬಂದರು, ಅದರ ಮಾರನೆಯ ದಿನವೂ. ಈಗ ಅಂಗಡಿಯಲ್ಲಿ ನಿಂತಿದ್ದ ಲಕ್ಷ್ಮಿಯರಲ್ಲಿ ಅರ್ಧ ಅವರೇ ಉಡಿಸಿದ್ದು. ಇಷ್ಟು ಬೇಗ ಯಾಕೆ ಇಡುತ್ತೀರಿ ಎಂದು ನಾನು ಕೇಳಿದ್ದಕ್ಕೆ ಅಕ್ಕ, ಈಗ ಜನ ಫೋನಿನಲ್ಲಿ ಎಲ್ಲಾ ಮುಂಚೆಯೇ ನೋಡಿಬಿಡುತ್ತಾರೆ, ನಾವು ಶ್ರಾವಣದವರೆಗೆ ಕಾದರೆ ಅವರು ನಮಗೆ ಕಾಯುವುದಿಲ್ಲ ಎಂದರು. ಮೊದಲ ವರ್ಷ ಆಷಾಢದಲ್ಲಿ ಪೆಟ್ಟಿಗೆ ಬಿಚ್ಚುವಾಗ ತನಗೂ ಕೈ ಅಳುಕಿತ್ತು ಎಂದೂ ಹೇಳಿದರು.

ಅತ್ತೆ ಅವತ್ತು ನನ್ನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಎರಡು ತಿಂಗಳಲ್ಲಿ ಆಡಿದ್ದಕ್ಕಿಂತ ಹೆಚ್ಚು. ಅವರದು ನಿಟ್ಟೂರಿನ ತವರು, ಗುಬ್ಬಿಗೆ ಮದುವೆಯಾಗಿ ಬಂದದ್ದು, ಹೈಸ್ಕೂಲು ಮೇಷ್ಟರಾಗಿದ್ದ ಮಾವ ಆಮೇಲೆ ಶೆಟ್ಟಿಹಳ್ಳಿಯಲ್ಲಿ ಸೈಟು ತೆಗೆದು ಮನೆ ಕಟ್ಟಿದ್ದು, ಎಲ್ಲ ಕೇಳಿದೆ. ಇಪ್ಪತ್ತು ವರ್ಷದ ಮೇಲೆ ವರಮಹಾಲಕ್ಷ್ಮಿಗೆ ಸೀರೆ ಉಡಿಸಿದ ಕೈ ಅದು. ನಮ್ಮ ಮನೆಯದಷ್ಟೇ ಅಲ್ಲ, ಬೀದಿಯಲ್ಲಿ ಆರೇಳು ಮನೆಯ ದೇವಿಗೆ ಅವರೇ ಉಡಿಸುತ್ತಿದ್ದರು. ಗುರುವಾರ ಮಧ್ಯಾಹ್ನ ಊಟ ಮಾಡಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ತಮ್ಮ ದೇವಿಗೆ ಕೂರುತ್ತಿದ್ದರಂತೆ. ಆಗ ನೆರಿಗೆಯ ಇನ್ನೊಂದು ತುದಿ ಹಿಡಿಯಲು ಮಾವನೇ ಆಗಬೇಕು. ಬೇರೆ ಯಾರು ಹಿಡಿದರೂ ಎಳೆದುಬಿಡುತ್ತಾರೆ, ಅವರು ಮಾತ್ರ ಉಸಿರು ಬಿಗಿ ಹಿಡಿದುಕೊಂಡು ಕೂತಿರುತ್ತಿದ್ದರು ಎಂದು ಹೇಳುವಾಗ ಅತ್ತೆಯ ಮುಖದಲ್ಲಿ ನಗು ಬಂತು. ನಾನು ಆ ನಗುವನ್ನು ಮೊದಲು ನೋಡಿರಲಿಲ್ಲ. ಮಾವ ತೀರಿಕೊಂಡ ವರ್ಷದಿಂದ ಯಾರೂ ಕರೆಯಲಿಲ್ಲ. ಇವರೂ ಹೋಗಲಿಲ್ಲ. ಮನೆಯಲ್ಲೂ ಹಬ್ಬ ನಿಂತಿತು.

"ಕೈ ಸುಮ್ನಿರಲ್ಲ ಕಣಮ್ಮ," ಅಂದರು. "ಅದಕ್ಕೇ ಮನೇಲಿ ನೀನು ಮಡಿಸಿದ್ದನ್ನೆಲ್ಲ ಬಿಚ್ಚಿ ಮಡಿಸ್ತಿರ್ತೀನಿ. ಬೇಜಾರು ಮಾಡ್ಕಬ್ಯಾಡ."

ಬೇಜಾರಿಲ್ಲ ಅತ್ತೆ ಎಂದೆ. ಅದು ಅವತ್ತು ಮಧ್ಯಾಹ್ನದವರೆಗೆ ಸುಳ್ಳಾಗಿತ್ತು, ಆ ಹೊತ್ತಿಗೆ ನಿಜವಾಗಿತ್ತು.

ಹೊರಡುವಾಗ ನೀನು ಮೊದಲು ಹೋಗು ಎಂದು ನನ್ನನ್ನು ಮುಂದಿನ ಬಾಗಿಲಿಂದ ಕಳಿಸಿ, ಅವರು ಅಲ್ಲೇ ಉಳಿದರು. ಬಸ್ಸಿನಲ್ಲಿ ಕುಣಿಗಲ್ ಬರುವ ತನಕ ನಾನು ಅದನ್ನೇ ಯೋಚಿಸುತ್ತಿದ್ದೆ. ಅಮ್ಮನಿಗೆ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ನಮ್ಮನೆಯವರಿಗೆ ಫೋನಿನಲ್ಲಿ ಹೇಳಿದಾಗ ಅವರು ಮೊದಲು ನಕ್ಕರು. ಆಮೇಲೆ, ಅಮ್ಮ ಸೀರೆ ಉಡಿಸ್ತಿದ್ಲಾ ಎಂದು ಎರಡು ಸಲ ಕೇಳಿದರು.

ಮುಂದಿನ ಶನಿವಾರ ನಾನು ಹೋಗುವಷ್ಟರಲ್ಲಿ ಅತ್ತೆ ಅಲ್ಲೇ ಇದ್ದರು, ಪಕ್ಕದಲ್ಲಿ ಸ್ಟೂಲೂ ಇತ್ತು. ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಅವತ್ತು ನನ್ನ ಕೈಗೆ ಒಂದು ಹಳೆಯ ಸೀರೆ ಕೊಟ್ಟು ಕಲಿಸಲು ಶುರು ಮಾಡಿದರು. ಸೀರೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿಕೊಳ್ಳಬೇಕು, ಅಂಚು ಹೊರಗೆ ಕಾಣಬೇಕು, ನೆರಿಗೆ ಎರಡು ಬೆರಳಿಗಿಂತ ಅಗಲವಾಗಬಾರದು. ಹಿಡಿದ ನೆರಿಗೆಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಕೊಂಡು ಮುಂದಕ್ಕೆ ಹೋಗಬೇಕು. ಕಲಶದ ಕತ್ತಿಗೆ ದಾರ ಕಟ್ಟುವಾಗ ಬಿಗಿಯಾದರೆ ದೇವಿ ಸೊರಗಿದ ಹಾಗೆ ಕಾಣುತ್ತಾಳೆ, ಸಡಿಲವಾದರೆ ಸೀರೆ ಜಾರುತ್ತದೆ. ಸೂಜಿ ಹಿಡಿದು ರಕ್ತನಾಳ ಹುಡುಕುವ ನನ್ನ ಕೈಗೆ ನೆರಿಗೆ ಮಾತ್ರ ಒಗ್ಗುತ್ತಿರಲಿಲ್ಲ. ಹತ್ತನೆಯ ನೆರಿಗೆಗೆ ಬರುವಷ್ಟರಲ್ಲಿ ಮೊದಲಿನ ನಾಲ್ಕು ಬಿಚ್ಚಿಕೊಳ್ಳುತ್ತಿದ್ದವು. ಅತ್ತೆ ಒಂದು ಸಲವೂ ಕಿತ್ತುಕೊಂಡು ತಾವೇ ಮಾಡಲಿಲ್ಲ. ಮತ್ತೆ ಹಿಡಿ ಎಂದರು, ಅಷ್ಟೇ.

ಮೂರನೆಯ ಶನಿವಾರ ಅಂಗಡಿಯಲ್ಲಿ ಜನ ಹೆಚ್ಚಿದ್ದರು. ಅತ್ತೆ ಉಡಿಸುವುದನ್ನು ನಾಲ್ಕೈದು ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು. ಅವರಲ್ಲೊಬ್ಬರು ನಮ್ಮ ಶೆಟ್ಟಿಹಳ್ಳಿಯ ಹಿಂದಿನ ಬೀದಿಯವರು. ಹಿಂದೆ ಅತ್ತೆ ಅವರ ಮನೆಯ ದೇವಿಗೂ ಉಡಿಸಿದ್ದರಂತೆ. ಅವರು ಹತ್ತಿರ ಬಂದು, ಜೋರಾಗಿಯೇನಲ್ಲ, ಕಿವಿಯ ಹತ್ತಿರವೇ ಹೇಳಿದರು.

"ನೀವು ಮುಟ್ಟಿ ಉಡ್ಸಿದ್ದನ್ನ ಮುತ್ತೈದೇರು ಮನೆಗೆ ತಗೊಂಡೋಗ್ತಾರೆ. ನೀವೇ ಸ್ವಲ್ಪ ಯೋಚ್ನೆ ಮಾಡ್ಬೇಕಲ್ವಾ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬುದ್ಧಿ ಹೇಳುವ ಹಾಗಿತ್ತು. ಅತ್ತೆ ಹೌದು ಎನ್ನುವಂತೆ ತಲೆ ಆಡಿಸಿದರು. ಉಡಿಸುತ್ತಿದ್ದ ಸೀರೆಯ ಸೆರಗಿಗೆ ಇನ್ನೂ ಪಿನ್ನು ಹಾಕಿರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು, ಪಿನ್ನಿನ ಡಬ್ಬಿ ಮುಚ್ಚಿ, ಕಾಲಿಗೆ ಚಪ್ಪಲಿ ಹಾಕಿಕೊಂಡು ಜನರ ನಡುವೆ ಹೊರಟುಹೋದರು. ನಾನು ಸೆರಗು ಹಿಡಿದುಕೊಂಡೇ ನಿಂತಿದ್ದೆ. ಬಿಟ್ಟರೆ ಎಲ್ಲ ಜಾರುತ್ತಿತ್ತು, ಅದಕ್ಕೇ ಹಿಂದೆ ಓಡಲಾಗಲಿಲ್ಲ. ಇವತ್ತಿಗೂ ಅದು ನನಗೆ ಚುಚ್ಚುತ್ತದೆ. ಒಂದು ಸೀರೆ ಜಾರಿದ್ದರೆ ಏನಾಗುತ್ತಿತ್ತು.

ಆ ವಾರ ಎರಡು ಸಲ ಫೋನು ಮಾಡಿದೆ. ಅಡುಗೆ ಆಯಿತಾ, ಊಟ ಆಯಿತಾ ಎಂಬ ಮಾತು ಮುಗಿದ ಮೇಲೆ ಅಂಗಡಿಗೆ ಬರುತ್ತೀರಾ ಎಂದರೆ ಬ್ಯಾಡ ಬುಡು ಎಂದು ಇಟ್ಟುಬಿಡುತ್ತಿದ್ದರು. ಶನಿವಾರ ಹೋಗಿ ಅರ್ಧ ಗಂಟೆ ಕಾದೆ. ಸ್ಟೂಲು ಖಾಲಿ ಇತ್ತು. ಅಕ್ಕನಿಗೂ ಬೇಜಾರಾಗಿತ್ತು. ಅವತ್ತು ಗಲ್ಲಾ ಬಿಟ್ಟು ನಿಮ್ಮ ಹತ್ತಿರ ಇದ್ದಿದ್ದರೆ ನಾನೇ ಏನಾದರೂ ಹೇಳುತ್ತಿದ್ದೆ ಎಂದರು. ಅತ್ತೆ ಒಂದು ವೇಳೆ ಹಿಂದಿನ ಬಾಗಿಲಿಂದ ಬಂದರೆ ನನಗೆ ಫೋನು ಮಾಡಿ ಎಂದೆ. ಅಕ್ಕ ನನ್ನ ಮುಖ ನೋಡಿದರು.

"ಹಿಂದಿನ ಬಾಗ್ಲಾ? ಅದಕ್ಕೆ ಬೀಗ ಹಾಕಿ ಎರಡು ವರ್ಷ ಆಯ್ತು. ಅದರ ಮುಂದೆ ಪೂರ್ತಿ ಪೆಟ್ಟಿಗೆ ಜೋಡ್ಸಿದೀವಿ, ನೋಡಿ ಬೇಕಾದ್ರೆ."

ಹೋಗಿ ನೋಡಿದೆ. ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಇದ್ದವು. ಮೇಲಿನ ಪೆಟ್ಟಿಗೆಗಳ ಮೇಲೆ ದೂಳು ಕೂತಿತ್ತು.

ಅತ್ತೆ ಸುಳ್ಳು ಹೇಳಿದ್ದರು. ಆಷಾಢದ ಶಾಸ್ತ್ರವನ್ನು ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದವರು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಕ್ಕಾಗಿ, ಯೋಚಿಸಿ ಒಂದು ಸುಳ್ಳು ಹೇಳಿದ್ದರು. ಆ ಪೆಟ್ಟಿಗೆಗಳ ಮುಂದೆ ನಿಂತಾಗ ನನಗೆ ಅಳು ಬಂತು. ಕುಣಿಗಲ್ ಬಸ್ಸಿಗೆ ಹೋಗದೆ ಆಟೋ ಹಿಡಿದು ಶೆಟ್ಟಿಹಳ್ಳಿಗೆ ಹೋದೆ.

ಗೇಟಿನ ಹೊರಗೆ ರೋಡಿನಲ್ಲಿ ನಿಂತು ಕೂಗಿದೆ. ಅತ್ತೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ಯಾಕವ್ವ ಇಲ್ಲಿಗೆ ಬಂದೆ, ಇನ್ನೂ ಆಷಾಢ ಕಳ್ದಿಲ್ಲ."

"ಹೊಸ್ತಿಲು ತುಳ್ದಿಲ್ಲ ಅತ್ತೆ. ರೋಡಲ್ಲೇ ನಿಂತಿದೀನಿ."

ಅವರು ಮೆಟ್ಟಿಲಿಳಿದು ಕಾಂಪೌಂಡಿನ ಗೋಡೆಯ ಆ ಕಡೆ ಬಂದು ನಿಂತರು. ಸೊಂಟದೆತ್ತರದ ಗೋಡೆ. ಈ ವರ್ಷ ನನ್ನ ಮೊದಲ ಹಬ್ಬ, ನನಗೆ ಇನ್ನೂ ಹದಿನೈದು ನೆರಿಗೆ ಹಿಡಿಯಲು ಬರುವುದಿಲ್ಲ, ನಮ್ಮಮ್ಮನಿಗೂ ಬರುವುದಿಲ್ಲ, ನೀವು ಬರದಿದ್ದರೆ ಹೇಗೆ ಎಂದೆಲ್ಲ ಹೇಳಿದೆ. ಆ ಹೆಂಗಸು ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೂ ಹೇಳಿದೆ. ಅತ್ತೆ ಗೋಡೆಯ ಮೇಲೆ ಬಿದ್ದಿದ್ದ ಒಣಗಿದ ಎಲೆಗಳನ್ನು ಕೈಯಲ್ಲಿ ಸರಿಸುತ್ತಾ ಕೇಳಿಸಿಕೊಂಡರು.

"ಆಯಮ್ಮ ಅಂದಿದ್ದಕ್ಕೆ ನಂಗೆ ಬೇಜಾರಿಲ್ಲ. ನಾನೂ ಒಂದು ಕಾಲ್ದಲ್ಲಿ ಹಂಗೇ ಅಂದಿದ್ದವ್ಳು. ನಮ್ಮತ್ತೆಗೆ ಅಂದಿದ್ದೆ."

ಆಮೇಲೆ ಅವರು ಹೇಳಿದ್ದು ಹೀಗೆ. ಸೀರೆ ಉಡಿಸುವುದನ್ನು ಅವರಿಗೆ ಕಲಿಸಿದ್ದೇ ಅವರ ಅತ್ತೆ, ಗುಬ್ಬಿಯ ಮನೆಯಲ್ಲಿ. ಮದುವೆಯಾದ ಮೂರನೆಯ ವರ್ಷ ಅವರ ಮಾವ ತೀರಿಕೊಂಡರು. ಮುಂದಿನ ಹಬ್ಬಕ್ಕೆ ಇವರು ಒಬ್ಬರೇ ಉಡಿಸುತ್ತಿದ್ದಾಗ ಒಂದು ನೆರಿಗೆ ಮುರಿದುಕೊಂಡಿತ್ತು. ಅವರ ಅತ್ತೆ ಹತ್ತಿರ ಬಂದು, ಸರಿಮಾಡಲು ಕೈ ಚಾಚಿದರು. ಇವರು ಆ ಕೈಯನ್ನು ಮೆಲ್ಲಗೆ ತಡೆದು, ನೀವು ಒಳಗಿರಿ ಅತ್ತೆ ಎಂದರು. ಯಾರೋ ಹೇಳಿಕೊಟ್ಟ ಮಾತಲ್ಲ, ತಾವೇ ಹೇಳಿದ್ದು. ಅದೇ ಸರಿ ಎಂದುಕೊಂಡಿದ್ದರು.

"ಹನ್ನೊಂದು ವರ್ಷ ಬದ್ಕಿದ್ರು ಆಮೇಲೆ. ಹಬ್ಬದ ದಿನ ಒಳ್ಗೇ ಕೂತು ಒಬ್ಬಟ್ಟು ತಟ್ಟೋರು. ಒಂದ್ಸಲಾನೂ ಬಾಗ್ಲತ್ರ ಬಂದು ಇಣುಕಿ ನೋಡ್ಲಿಲ್ಲ. ನಾನೂ ಕರೀಲಿಲ್ಲ."

ಬೀದಿಯಲ್ಲಿ ಒಂದು ಸ್ಕೂಟರು ಹೋಯಿತು. ನಾನು ಗೋಡೆಯ ಮೇಲಿದ್ದ ಅವರ ಕೈ ಹಿಡಿದುಕೊಂಡೆ. ಅತ್ತೆಯನ್ನು ನಾನು ಹಾಗೆ ಮುಟ್ಟಿದ್ದು ಅದೇ ಮೊದಲು. ಬೆರಳ ತುದಿಗಳಲ್ಲಿ ಪಿನ್ನು ಚುಚ್ಚಿದ ಸಣ್ಣ ಸಣ್ಣ ಗಾಯಗಳಿದ್ದವು.

"ನಾನು ಕರೀತಿದೀನಲ್ಲ ಅತ್ತೆ," ಎಂದೆ.

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ, ಬಸ್ಸಿಗೆ ಹೊತ್ತಾಗುತ್ತೆ, ಇರು ಎಂದು ಒಳಗೆ ಹೋಗಿ ಒಂದು ಕವರಿನಲ್ಲಿ ಕೋಡುಬಳೆ ಹಾಕಿಕೊಂಡು ಬಂದು ಗೋಡೆಯ ಮೇಲಿಂದ ಕೊಟ್ಟರು. ದಾರಿಯಲ್ಲಿ ತಿನ್ನು, ನಿಂತುಕೊಂಡು ಹೋಗಬೇಡ, ಇದಾದ ಮೇಲಿನ ಬಸ್ಸಿಗೆ ಕಾದು ಸೀಟು ಹಿಡಿದುಕೋ ಎಂದರು.

ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಶುರುವಾದ ಮೇಲೆ ನಾನು ಶೆಟ್ಟಿಹಳ್ಳಿಗೆ ವಾಪಸ್ಸು ಬಂದೆ. ನಮ್ಮಮ್ಮ ಅರಗಿಳಿ ಹಸಿರಿನ, ಕುಂಕುಮ ಬಣ್ಣದ ಅಂಚಿನ ಸೀರೆಯೊಂದನ್ನು ದೇವಿಗೆಂದು ಕೊಟ್ಟು ಕಳಿಸಿದ್ದರು. ಹಬ್ಬದ ಹಿಂದಿನ ದಿನ ಅರ್ಧ ದಿನ ರಜೆ ಹಾಕಿದೆ. ಅತ್ತೆ ಬೀರುವಿನ ಒಳಗಿಂದ ಮಾವನ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಬೆಳ್ಳಿಯ ಮುಖವಾಡ ತೆಗೆದುಕೊಟ್ಟರು. ಕಪ್ಪಾಗಿತ್ತು. ಹಲ್ಲುಪುಡಿ ಹಾಕಿ ಇಬ್ಬರೂ ಸರದಿಯ ಮೇಲೆ ಉಜ್ಜಿದೆವು. ಆದರೆ ನೆರಿಗೆಗೆ ಕೂರುವ ಹೊತ್ತಿಗೆ ಅತ್ತೆ ಎರಡು ಮಾರು ದೂರ ಗೋಡೆಗೆ ಒರಗಿ ಕೂತರು. ಹೇಳಿಕೊಡುತ್ತೀನಿ, ನೀನು ಮಾಡು ಎಂದರು. ನಾನು ಒತ್ತಾಯ ಮಾಡಲಿಲ್ಲ.

ನಮ್ಮನೆಯವರು ಶಿಫ್ಟು ಮುಗಿಸಿ ಬಂದಾಗ ನಾನು ಮೂರನೆಯ ಸಲ ಬಿಚ್ಚಿ ಮತ್ತೆ ಹಿಡಿಯುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದರು. ಹೋಗಿ ಸ್ನಾನ ಮಾಡಿ, ಉಗುರಿನ ಸಂದಿಯ ಗ್ರೀಸು ಹೋಗುವವರೆಗೆ ಸೋಪು ಹಾಕಿ ಕೈ ತಿಕ್ಕಿಕೊಂಡು ಬಂದು, ಯಾರೂ ಹೇಳದೆಯೇ ನನ್ನ ಎದುರು ಕೂತು ನೆರಿಗೆಯ ಇನ್ನೊಂದು ತುದಿ ಹಿಡಿದರು. ಚಿಕ್ಕಂದಿನಲ್ಲಿ ಅಪ್ಪ ಹಿಡಿಯುವುದನ್ನು ನೋಡಿ ನೋಡಿ ಗೊತ್ತಿತ್ತು ಎಂದು ಆಮೇಲೆ ಹೇಳಿದರು. ಅತ್ತೆ ಮಗನನ್ನೇ ನೋಡುತ್ತಿದ್ದರು. ಕಣ್ಣು ತುಂಬಿಕೊಂಡು ಬಂತು. ಸೆರಗಿನಿಂದ ಒರೆಸಿಕೊಂಡು, ಅಷ್ಟು ಎಳೀಬ್ಯಾಡ ಕಣೋ, ಸಡ್ಲ ಬುಡು ಎಂದು ಗದರಿದರು. ಆಮೇಲೆ ಗೋಡೆ ಬಿಟ್ಟು ಹತ್ತಿರ ಸರಿದು ಬಂದರು. ಮೊದಲು ಒಂದು ಪಿನ್ನು ಕೊಟ್ಟರು. ಆಮೇಲೆ ಒಂದು ನೆರಿಗೆ ಸರಿಮಾಡಿದರು. ಮುಖವಾಡ ಕಟ್ಟುವ ಹೊತ್ತಿಗೆ ನಾನು ಅದನ್ನು ಅವರ ಕೈಯಲ್ಲಿಟ್ಟೆ. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದರು. ಅಮ್ಮ, ಕಟ್ಟು ಎಂದು ಮಗ ಹೇಳಿದರು. ಅತ್ತೆ ಎದ್ದು ಕಟ್ಟಿದರು. ಗಲ್ಲ ಹಿಡಿದು ಒಂದಿಷ್ಟು ಬಲಕ್ಕೆ ತಿರುಗಿಸಿದರು.

ಶುಕ್ರವಾರ ಸಂಜೆ ಬೀದಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದರು. ಅತ್ತೆ ನಡುಮನೆಯಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ಹಿಂದಿನ ಬೀದಿಯ ಆ ಹೆಂಗಸು ಬರುವುದು ಕಿಟಕಿಯಲ್ಲಿ ಕಂಡಾಗ ಮಾತ್ರ ಎದ್ದು ಒಳಗೆ ಹೋದರು. ನಾನು ತಡೆಯಲಿಲ್ಲ. ಆಕೆ ದೇವಿಯ ಮುಂದೆ ನಿಂತು ಬಹಳ ಹೊತ್ತು ನೋಡಿ, ಯಾರು ಉಡಿಸಿದ್ದು ಎಂದು ಕೇಳಿದರು. ನಮ್ಮತ್ತೆ ಕಲಿಸಿಕೊಟ್ಟದ್ದು, ಮುಖ ಅವರೇ ಕಟ್ಟಿದ್ದು ಎಂದೆ. ಆಕೆ ತಾಂಬೂಲ ತೆಗೆದುಕೊಂಡರು. ಹೊರಡುವಾಗ ಅಡುಗೆಮನೆಯ ಕಡೆ ನೋಡಿ, ಬರ್ತೀನಿ ಕಣ್ರೀ ಎಂದು ಸ್ವಲ್ಪ ಜೋರಾಗಿಯೇ ಹೇಳಿದರು. ಒಳಗಿನಿಂದ ಅತ್ತೆ, ಹೂಂ ಎಂದರು. ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ.

ಇದಾಗಿ ನಾಲ್ಕು ವರ್ಷವಾಯಿತು. ಈಗ ನಮ್ಮ ಮಗಳಿಗೆ ಎರಡು ತುಂಬಿದೆ. ಆ ಅಂಗಡಿಯ ಅಕ್ಕ ಮಹಡಿಯ ಮೇಲೆ ಅತ್ತೆಗೆಂದು ಒಂದು ಎತ್ತರದ ಮೇಜು ಹಾಕಿಸಿದ್ದಾರೆ, ಮಂಡಿ ಊರಿ ಕೂರುವುದು ಬೇಡವೆಂದು. ಸೀರೆ ತಂದುಕೊಟ್ಟು ಉಡಿಸಿಕೊಂಡು ಹೋಗುವವರಿದ್ದಾರೆ. ವಿಷಯ ತಿಳಿದು ಬೇರೆ ಅಂಗಡಿಗೆ ಹೋಗುವವರೂ ಇದ್ದಾರೆ. ಅತ್ತೆ ಎರಡನ್ನೂ ಮನೆಗೆ ಬಂದು ಹೇಳುತ್ತಾರೆ, ಮೊದಲಿನ ಹಾಗೆ ನುಂಗಿಕೊಂಡು ಕೂರುವುದಿಲ್ಲ. ಸಾಮಾನು ಮಾತ್ರ ವರ್ಷದಿಂದ ವರ್ಷಕ್ಕೆ ಇನ್ನೂ ಬೇಗ ಬರುತ್ತಿದೆ. ಈ ಸಲ ಕಾರಹುಣ್ಣಿಮೆಗೆ ಮುಂಚೆಯೇ ಪೆಟ್ಟಿಗೆ ಬಂದಿಳಿದವು. ಇದೇನು ಕಾಲ, ದೇವಿಗೂ ಉಸಿರಾಡೋಕೆ ಬಿಡಲ್ಲ ಇವರು ಎಂದು ಗೊಣಗಿಕೊಂಡೇ ಮಾರನೆಯ ದಿನ ಬೆಳಿಗ್ಗೆ ತಿಂಡಿ ತಿಂದು ಹೊರಟರು.

ಹೋದ ವಾರ ನಾನು ಲ್ಯಾಬಿನಿಂದ ಬಂದು ಮಗಳಿಗೆ ಕಾಲು ತೊಳೆಸುತ್ತಿದ್ದಾಗ ಅವರ ಫೋನು ಬಂತು. ಹಿಂದೆ ಅಂಗಡಿಯ ಗದ್ದಲ ಕೇಳುತ್ತಿತ್ತು.

"ದಸರಾ ಬೊಂಬೆನೂ ಬಂದವೆ ಕಣಮ್ಮ. ರಾಜನ ಪೇಟ ವಾರೆ ಆಗೈತೆ, ಅದೊಂದು ನೋಡ್ಕಂಡು ಬರ್ತೀನಿ. ನೀನು ಅನ್ನಕ್ಕಿಡು."

ಆಯ್ತು ಅತ್ತೆ, ನಿಧಾನವಾಗಿ ಬನ್ನಿ ಎಂದು ನಾನು ಅಕ್ಕಿ ತೊಳೆಯಲು ಒಳಗೆ ಹೋದೆ.